ಉಲ್ಟಾ ತೆಗೆದ ಕ್ಯಾಸೆಟ್

ನಮ್ಮ ತಾಲೂಕಿನ ವಿಡಿಯೊ ಶೂಟಿಂಗ್‌ನವರ ಸಂಘದ ಹುಡುಗರು ಮನೆಗೆ ಬಂದು, "ಕಾಕಾ, ಮೂವತ್ತೈದು ವರ್ಷ ಕ್ಯಾಮೆರಾ ಹೊತ್ತೀರಿ. ಹೊಸದಾಗಿ ಈ ಧಂಧೆಕ್ಕ ಬರೋರಿಗೆ ನಿಮ್ಮ ಅನುಭವ ಒಂದಿಷ್ಟು ಬರದು ಕೊಡ್ರಿ" ಎಂದರು. "ಓದತೀರೇನಲೇ?" ಎಂದೆ. "ಫೋಟೋ ದೊಡ್ಡದ ಹಾಕ್ತೇವ್ರಿ" ಎಂದರು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲ. ಆದರೂ ಬರೆಯಲು ಕುಳಿತಿದ್ದೇನೆ. ಒಂದು ವಿಷಯವನ್ನು ನಾನು ಇಪ್ಪತ್ತೈದು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ. ಅದನ್ನು ಬಿಟ್ಟು ಬೇರೆ ಏನು ಬರೆದರೂ ಅದು ಬಣ್ಣ ಹಚ್ಚಿದ ಮಾತಾಗುತ್ತದೆ.

ಸಂಘದ ಅಧ್ಯಕ್ಷನಾದದ್ದು, ಸನ್ಮಾನ ಮಾಡಿಸಿಕೊಂಡದ್ದು ಇವನ್ನೆಲ್ಲ ಬರೆಯಲಾರೆ. ಹೊದಿಸಿದ ಶಾಲುಗಳನ್ನು ನನ್ನ ಹೆಂಡತಿ ಕತ್ತರಿಸಿ ಕ್ಯಾಮೆರಾ ಚೀಲಕ್ಕೆ ಅಸ್ತರು ಹಚ್ಚಿದ್ದಾಳೆ. ಅವು ಮಾಡಿದ ಉಪಕಾರ ಅಷ್ಟೇ.

ನನ್ನ ಹೆಸರು ಚನಬಸಪ್ಪ, ಊರು ಬನಹಟ್ಟಿ. ಮನೆಯಲ್ಲಿ ಮಗ್ಗ. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರುವುದಿಲ್ಲ. ನಾನು ತೆಗೆದ ಎಷ್ಟೋ ಮದುವೆ ಕ್ಯಾಸೆಟ್ಟುಗಳಲ್ಲಿ ಮಂತ್ರಕ್ಕಿಂತ ನನ್ನ ದನಿಯೇ ಜಾಸ್ತಿ ಕೇಳುತ್ತದೆ. "ಯಕ್ಕಾ, ಈ ಕಡೆ ನೋಡ್ರಿ! ಮಾಂವಾ, ಮಾರಿ ಮ್ಯಾಲೆ ಮಾಡ್ರಿ!" ಮಗ್ಗ ಬಿಟ್ಟು ಜಮಖಂಡಿಯ ಗಂಗಪ್ಪ ಮಾಲಕರ ಸ್ಟುಡಿಯೊ ಸೇರಿದೆ. ಮಾಲಕರು ಸಣ್ಣ ಜೀವ, ಸಿಟ್ಟು ಮಾತ್ರ ವಿಪರೀತ. ಐದು ವರ್ಷದಲ್ಲಿ ಒಮ್ಮೆಯೂ ಶಾಭಾಸ್ ಅನ್ನಲಿಲ್ಲ. ಒಂದು ಮದುವೆಯ ಟೇಪು ನೋಡಿ, "ಹೆಣ್ಣಿನ ತಾಯಿ ಅಳೂದು ಬಿಟ್ಟು ಊಟದ ಪಂಕ್ತಿ ತಗದಿಯಲ್ಲೋ ಖೋಡಿ!" ಎಂದು ಬೈದರು. "ಆಕಿ ಅಳಲಿಲ್ಲರಿ" ಎಂದೆ. "ಅಳಲಿಲ್ಲಂದ್ರ ಅಳಸಬೇಕು. ತಾಯಿ ಅಳದ ಮದವಿ ಮದವಿ ಏನಲೇ?"

ನಾನು ಕಲಿತ ಮೊದಲ ವಿದ್ಯೆ ಇದು. ಬೆಳಕು ಹಿಡಿಯುವುದಕ್ಕಿಂತ ಮೊದಲು ಮಂದಿಯನ್ನು ಅಳಿಸುವುದನ್ನು ಕಲಿತೆ. ಮಗಳು ಸಣ್ಣವಳಿದ್ದಾಗಿನ ಮಾತು ತೆಗೆಯುವುದು, ಸತ್ತುಹೋದ ಅಜ್ಜನ ನೆನಪು ಮಾಡುವುದು, ಕಣ್ಣಿಗೆ ದೀಪ ಹಿಡಿಯುವುದು. ಮುಧೋಳ, ಬೀಳಗಿ, ರಬಕವಿ ಸುತ್ತ ನಾನು ಅಳಿಸದ ತಾಯಂದಿರಿಲ್ಲ. ಆಗ ಇದರ ಬಗ್ಗೆ ನನಗೆ ಭಾಳ ಹೆಮ್ಮೆಯಿತ್ತು.

ಆಗಿನ ಕ್ಯಾಮೆರಾ ಹೆಗಲ ಮೇಲೆ ಹೊರುವಂಥದು, ಒಳಗೆ ದೊಡ್ಡ ಕ್ಯಾಸೆಟ್. ಅದಕ್ಕಿದ್ದದ್ದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ರೆಕಾರ್ಡಿಂಗ್ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಗಡಿಬಿಡಿಯಲ್ಲಿ ಒಂದು ಒತ್ತು ತಪ್ಪಿತೋ, ಮುಗಿಯಿತು: ಶೂಟಿಂಗ್ ನಡೆದಿದೆ ಎಂದುಕೊಂಡಾಗ ಬಂದ್ ಇರುತ್ತದೆ, ಬಂದ್ ಎಂದುಕೊಂಡಾಗ ನಡೆದಿರುತ್ತದೆ. ನಾವು ಅದನ್ನು 'ಉಲ್ಟಾ' ಎನ್ನುತ್ತಿದ್ದೆವು. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಒಂದು ಕೆಂಪು ದೀಪ ಉರಿದು ತಿಳಿಸಬೇಕು. ನಮ್ಮ ಸ್ಟುಡಿಯೊದ ಕ್ಯಾಮೆರಾದಲ್ಲಿ ಆ ದೀಪ ಎಂದೋ ಹೋಗಿತ್ತು. "ಲಕ್ಷ್ಯ ಇಟ್ಟು ಒತ್ತು, ದೀಪ ಯಾಕ ಬೇಕು?" ಎನ್ನುತ್ತಿದ್ದರು ಮಾಲಕರು.

ಮುಧೋಳದ ಒಂದು ಮದುವೆಯಲ್ಲಿ ನನಗೆ ಮೊದಲ ಸಲ ಉಲ್ಟಾ ಆಯಿತು. ಅಕ್ಕಿಕಾಳು ಬಿದ್ದು, ತಾಳಿ ಕಟ್ಟಿ, ಮಂದಿ ಊಟಕ್ಕೆ ಎದ್ದ ಮೇಲೆ ಟೇಪು ತಿರುಗಿಸಿ ನೋಡುತ್ತೇನೆ: ಜಮಖಾನೆ, ನನ್ನ ಎಡಗಾಲಿನ ಚಪ್ಪಲಿ, ಅಡಿಗೆಯವನ ಬೆನ್ನು. ತಾಳಿ ಇಲ್ಲ. ಓಡಿಹೋಗಿ ವರನ ಕೈಕಾಲು ಹಿಡಿದೆ. ಕೆಳಗೆ ಬಿದ್ದ ಅಕ್ಕಿಕಾಳನ್ನು ಗುಡಿಸಿ ಮತ್ತೆ ಎಲ್ಲರ ಕೈಗೆ ಕೊಟ್ಟು, ಇನ್ನೊಮ್ಮೆ ತಾಳಿ ಕಟ್ಟಿಸಿದೆ. ಹೆಣ್ಣಿನ ಅಜ್ಜಿ ಕೋಲೆತ್ತಿ, "ಎರಡ ಸರತಿ ಕಟ್ಟಿದ್ರ ಎರಡ ಮದವಿ ಆತಲ್ಲೋ, ನಿನ್ನ ಬಾಯಾಗ ಮಣ್ಣ ಹಾಕ!" ಎಂದಳು. ಆದರೆ ಕ್ಯಾಸೆಟ್ ನೋಡಿ ಅವಳೇ ಕಣ್ಣೀರು ಹಾಕಿದಳಂತೆ. ಎರಡನೆಯ ಸಲದ ತಾಳಿ ಮೊದಲಿನದಕ್ಕಿಂತ ಚಂದ ಬಂದಿತ್ತು. ನಾನು ಅಲ್ಲಿ ಕಲಿತ ಪಾಠ ಪೂರಾ ತಪ್ಪು ಪಾಠ: ಏನು ತಪ್ಪಿದರೂ ಇನ್ನೊಮ್ಮೆ ಮಾಡಿಸಿದರಾಯಿತು.

ಮುಂದೆ ಬನಹಟ್ಟಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಮಾಲಕರ ಹಳೆಯ ಕ್ಯಾಮೆರಾವನ್ನೇ ತಂದೆ. ಮಿಕ್ಸಿಂಗ್ ಯಂತ್ರ ಬಂತು. ಅದರಲ್ಲಿ ವಧು ಕಮಲದೊಳಗಿಂದ ಎದ್ದು ಬರುತ್ತಿದ್ದಳು, ವರ ಹಿಮದ ಗುಡ್ಡದ ಮೇಲೆ ನಿಂತು ನಗುತ್ತಿದ್ದ. ಹೊರಗೆ ಬೇಸಿಗೆಯ ಬಿಸಿಲಿಗೆ ಡಾಂಬರು ಕರಗಿ ಚಪ್ಪಲಿಗೆ ಹತ್ತುತ್ತಿರುತ್ತಿತ್ತು, ನಮ್ಮ ಜೋಡಿಗಳು ಮಂಜಿನಲ್ಲಿ ಹಾರ ಬದಲಾಯಿಸುತ್ತಿದ್ದವು. ಈಗ ನೀವು ಡ್ರೋನ್ ಹಾರಿಸುತ್ತೀರಿ. ಮೇಲಿನಿಂದ ನೋಡಿದರೆ ಎಲ್ಲ ಮದುವೆಯೂ ಒಂದೇ ಥರ ಕಾಣುತ್ತದೆ, ಬೋಳುತಲೆಗಳಷ್ಟೇ ಬೇರೆ ಬೇರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ಓಣಿಯ ನೇಕಾರರ ಮನೆಯ ಮಹಾಲಿಂಗ ಮತ್ತು ಸಾವಳಗಿಯ ರೈತರ ಮನೆಯ ಶ್ರೀಶೈಲ, ಇಬ್ಬರೂ ಸೈಕಲ್ ಓಟದವರು; ತಮ್ಮತಮ್ಮೊಳಗೆ ಮಾಲಿಂಗ್ಯಾ, ಸಿರಸ್ಯಾ. ನಮ್ಮ ಕಡೆ ಸೈಕಲ್ ಓಟದ ಹುಚ್ಚು ಎಷ್ಟೆಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬೆಳಗ್ಗೆ ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರಿನ ಬೆನ್ನಿಗೆ ಬಿದ್ದು ಇಬ್ಬರೂ ಸೈಕಲ್ ಹೊಡೆಯುತ್ತಿದ್ದರು. ಟ್ರಾಕ್ಟರ್ ಇಲ್ಲದಾಗ ಒಬ್ಬ ಮುಂದೆ ಹೋಗಿ ಗಾಳಿ ಒಡೆಯುವುದು, ಇನ್ನೊಬ್ಬ ಅವನ ಮರೆಯಲ್ಲಿ ದಣಿವಾರಿಸಿಕೊಳ್ಳುವುದು, ಆಮೇಲೆ ಪಾಳಿ ಬದಲಿ. ಯಾರು ಎಷ್ಟು ಹೊತ್ತು ಮುಂದೆ ಇದ್ದರೆಂದು ಇಬ್ಬರೂ ಯಾವತ್ತೂ ಕೇಳಿದವರಲ್ಲ. ಸೈನ್ಯದ ಭರ್ತಿಗೂ ಕೂಡಿಯೇ ಹೋದರು. ಮಹಾಲಿಂಗ ಆಯ್ಕೆಯಾದ. ಶ್ರೀಶೈಲನ ಎತ್ತರ ಸಾಲಲಿಲ್ಲ, ತಿರುಗಿ ಬಂದ.

ಕಾರ್ಗಿಲ್ ಯುದ್ಧ ಹತ್ತಿತು. ಮಹಾಲಿಂಗನ ಪತ್ರ ಬರುವುದು ನಿಂತಿತು. ಒಂದು ದಿನ ಪೇಪರಿನಲ್ಲಿ ಮಹಾಲಿಂಗ ಎಂಬ ಯೋಧ ವೀರಮರಣ ಹೊಂದಿದ ಸುದ್ದಿ ಬಂತು. ನಮ್ಮ ಕಡೆ ಸಂತೆಯಲ್ಲಿ ನಿಂತು ಮಹಾಲಿಂಗಾ ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ. ಆ ಯೋಧ ಬೇರೆ ಜಿಲ್ಲೆಯವನೆಂದು ಅದೇ ಸುದ್ದಿಯ ಕೆಳಗೆ ಬರೆದಿತ್ತು. ಅಷ್ಟು ಕೆಳಗಿನವರೆಗೆ ಯಾರು ಓದುತ್ತಾರೆ? ನಮ್ಮ ಓಣಿಯ ಮುಖಂಡರೊಬ್ಬರು, ಈಗ ಅವರಿಲ್ಲ, ಹೆಸರು ಬೇಡ, ಮಧ್ಯಾಹ್ನದೊಳಗೆ ಬ್ಯಾನರು ಬರೆಸಿದರು. ಬೇರೆ ಓಣಿಯವರು ಮೊದಲು ಶ್ರದ್ಧಾಂಜಲಿ ಸಭೆ ಮಾಡಿಬಿಟ್ಟರೆ ಎಂಬ ಚಿಂತೆ ಅವರಿಗೆ. ಬನಹಟ್ಟಿಯಿಂದ ಜಮಖಂಡಿಯವರೆಗೆ ಮಹಾಲಿಂಗನ ಸ್ಮರಣೆಯ ಸೈಕಲ್ ಓಟ ಎಂದು ಠರಾವಾಯಿತು. ಶೂಟಿಂಗು ನನಗೆ ಬಂತು.

ನಂಬದವಳು ಒಬ್ಬಳೇ, ಅವನ ತಾಯಿ ಗೌರವ್ವ. "ಸರ್ಕಾರದ ಕಾಗದಾ ಬಂದಿಲ್ಲ, ಹೆಣಾ ಬಂದಿಲ್ಲ. ಯಾರ ಮಗನ ತಿಥಿ ಮಾಡಾಕತ್ತೀರಿ?" ಎಂದಳು. ಓಟದ ಮುಂದೆ ಮಹಾಲಿಂಗನ ಖಾಲಿ ಸೈಕಲ್ ಹೋಗಬೇಕೆಂದು ಶ್ರೀಶೈಲ ಅದನ್ನು ಕೇಳಲು ಬಂದಾಗ ಮುದುಕಿ ತಡೆಯಲಿಲ್ಲ. "ಒಯ್ಯಪಾ. ಬ್ರೇಕ್ ಸಡ್ಲ ಆಗ್ಯಾವ, ಬಿಗಿ ಮಾಡಿಸಿ ತಂದಿಡು. ಇಲ್ಲಂದ್ರ ಅಂವ ಬಂದು ನನಗ ಬೈತಾನ" ಎಂದಳು. ಶ್ರೀಶೈಲ ಆ ಮಾತು ಕೇಳಿ ಅಂಗಳದಲ್ಲಿಯೇ ಕುಸಿದು ಕುಳಿತ. ನಾವೆಲ್ಲ, ಪಾಪ, ಮುದುಕಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡೆವು. ಊರಿನಲ್ಲಿ ಅವತ್ತು ತಲೆ ನೆಟ್ಟಗಿದ್ದದ್ದು ಅವಳೊಬ್ಬಳದೇ.

ಓಟದ ದಿನ ಶ್ರೀಶೈಲ ಬಲಗೈಯಲ್ಲಿ ತನ್ನ ಸೈಕಲ್ ಹಿಡಿದು ಹೊಡೆಯುತ್ತ, ಎಡಗೈಯಲ್ಲಿ ಗೆಳೆಯನ ಖಾಲಿ ಸೈಕಲ್ ಹಿಡಿದು ಪಕ್ಕದಲ್ಲಿ ಓಡಿಸುತ್ತ ಬಂದ. ಎಲ್ಲರ ಮುಂದೆ ಅವನೇ. ಗುಂಡಿ ಒತ್ತಿದೆ. ಅರ್ಧ ಫರ್ಲಾಂಗು ಬಂದವನು ಎರಡೂ ಸೈಕಲ್ ಕೈಬಿಟ್ಟು ರಸ್ತೆಯ ಮೇಲೆ ಬಿದ್ದು ಅತ್ತ. "ಮಾಲಿಂಗ್ಯಾ, ನಾ ಮುಂದ ಹೋಗಬೇಕಿತ್ತಲ್ಲಲೇ, ನೀ ಯಾಕ ಹ್ವಾದಿ!" ಎಂದು ಡಾಂಬರಿಗೆ ತಲೆ ಬಡಿದುಕೊಂಡ. ಗಂಡಸು ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಕಣ್ಣಲ್ಲೂ ನೀರು. ಅಳುತ್ತಲೇ ಮನಸ್ಸಿನಲ್ಲಿ, ವಾಹ್, ಎಂಥ ಸೀನ್ ಎಂದುಕೊಂಡೆ. ಆ ಎರಡೂ ನಿಜ, ಎರಡನ್ನೂ ಬರೆಯುತ್ತಿದ್ದೇನೆ. ಮುಗಿದ ಮೇಲೆ ಗುಂಡಿ ಒತ್ತಿ ಬಂದ್ ಮಾಡಿದೆ.

ಅಷ್ಟರಲ್ಲಿ ಮುಖಂಡರಿಗೆ, ಸೈಕಲ್ ಮೇಲಿನ ತಮ್ಮದೂ ಒಂದು ಸೀನ್ ಇರಲಿ ಎನಿಸಿತು. ಬಿಳಿ ಪಾಯಿಜಾಮ, ಕೊರಳಲ್ಲಿ ಮಹಾಲಿಂಗನ ಫೋಟೋಕ್ಕೆಂದು ತಂದ ಹಾರ. ನಾನು ಗುಂಡಿ ಒತ್ತುವ ಮೊದಲೇ, ಹತ್ತು ಮಾರು ಹೋಗುವುದರೊಳಗೆ ಪಾಯಿಜಾಮ ಚೈನಿಗೆ ಸಿಕ್ಕು ಗಟಾರಕ್ಕೆ ಬಿದ್ದರು. ಎದ್ದು ನಿಂತಾಗ ಹಾರ ಒಂದು ಕಿವಿಗೆ ಜೋತಾಡುತ್ತಿತ್ತು. ಇಡೀ ರಸ್ತೆ ನಕ್ಕಿತು. ಅತ್ತು ಅತ್ತು ಸಣ್ಣಗಾಗಿದ್ದ ಶ್ರೀಶೈಲನಿಗೂ ತಡೆಯಲಾರದ ನಗು ಬಂತು. ಅಳುವವರಿಗೆ ನಗು ಬರುವುದು ಹಾಗೆಯೇ, ಒಮ್ಮೆ ಬಂದರೆ ನಿಲ್ಲುವುದಿಲ್ಲ. ರಸ್ತೆಯ ಬದಿಗೆ ಗೆಳೆಯನ ಫೋಟೋ ಇಟ್ಟ ಟೇಬಲ್ಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಯಾಮೆರಾ ಬಂದ್ ಇದೆ ಎಂದುಕೊಂಡು ನಾನೂ ಅದನ್ನು ಹೆಗಲ ಮೇಲಿಟ್ಟುಕೊಂಡೇ ನಕ್ಕೆ.

ಅಂಗಡಿಗೆ ಬಂದು ನೋಡಿದರೆ ಉಲ್ಟಾ. ರಸ್ತೆಯ ಮೇಲೆ ಬಿದ್ದು ಅತ್ತದ್ದು ಒಂದು ಕೂದಲೆಳೆಯಷ್ಟೂ ಇಲ್ಲ. ನಕ್ಕದ್ದು ಮಾತ್ರ ಹಲ್ಲು ಎಣಿಸುವಷ್ಟು ಸ್ಪಷ್ಟ.

ಮುಧೋಳದ ಪಾಠ ನೆನಪಿತ್ತಲ್ಲ, ಮರುದಿನ ಶ್ರೀಶೈಲನನ್ನು ಕರೆಸಿದೆ. "ತಮ್ಮಾ, ಟೇಪ್ ಸ್ವಲ್ಪ ಖರಾಬ್ ಆಗೇತಿ. ಇನ್ನೊಮ್ಮೆ ಅಳಬೇಕು" ಎಂದೆ. ಉಲ್ಟಾ ಆದದ್ದನ್ನು ಹೇಳಲಿಲ್ಲ. ಅವನು ನನ್ನ ಮುಖ ನೋಡಿದ. "ಮಾಲಿಂಗ್ಯಾನ ಸಲುವಾಗಿ ಅಂದ್ರ ಏನ್ ಬೇಕಾದ್ರೂ ಮಾಡ್ತೇನ್ರಿ. ಆದ್ರ ನೀರಽ ಬರವಲ್ತು" ಎಂದ. ತಲೆನೋವಿನ ಮುಲಾಮು ತೆಗೆದು ಅವನ ಕಣ್ಣಿನ ಕೆಳಗೆ ಹಚ್ಚಿದೆ. ನೀರು ಬಂತು. ಹಚ್ಚುವುದೂ ರೆಕಾರ್ಡಾಯಿತು, ಯಾಕೆಂದರೆ ಈ ಸಲ ಎಚ್ಚರ ವಹಿಸಿ ಮೊದಲೇ ಗುಂಡಿ ಒತ್ತಿಟ್ಟಿದ್ದೆ. ಆ ಅಳುವನ್ನು ಕತ್ತರಿಸಿ ಜೋಡಿಸಿ, ಹಿಂದೆ ನಮ್ಮ ಮಿಕ್ಸಿಂಗಿನ ಹಿಮದ ಗುಡ್ಡ ಹಾಕಿ, ಮೇಲೆ ಗುಲಾಬಿ ಪಕಳೆ ಉದುರಿಸಿ ಮುಖಂಡರಿಗೆ ಕ್ಯಾಸೆಟ್ ಕೊಟ್ಟೆ. ಹಿಂದಿನ ವಾರ ರಬಕವಿಯ ಒಂದು ಜೋಡಿ ಅದೇ ಗುಡ್ಡದ ಮೇಲೆ ಹಾರ ಹಾಕಿಕೊಂಡಿತ್ತು.

ಮೂರು ವಾರಕ್ಕೆ ಮಹಾಲಿಂಗ ಬಸ್ಸಿನಿಂದ ಇಳಿದ. ಹಿಮದಲ್ಲಿ ಬಲಗಾಲು ಕೆಟ್ಟು ಆಸ್ಪತ್ರೆಯಲ್ಲಿದ್ದನಂತೆ. ಎರಡು ಬೆರಳು ತೆಗೆದಿದ್ದರು. ಊರಿಗೆ ಊರೇ ಕುಣಿಯಿತು, ಮುಖಂಡರೊಬ್ಬರನ್ನು ಬಿಟ್ಟು. ಅವರು ಬ್ಯಾನರ್ ಬಿಚ್ಚಿಸಿ, ದೂರದ ನೆಂಟರ ಮನೆ ನೋಡಿಕೊಂಡು ಬರುತ್ತೇನೆಂದು ವಾರಗಟ್ಟಲೆ ಊರು ಬಿಟ್ಟರು. ಗೌರವ್ವ ಮಗನನ್ನು ನೋಡಿ ಹೇಳಿದ ಮೊದಲ ಮಾತು, "ಬ್ರೇಕ್ ಬಿಗಿ ಮಾಡಿಸೇನಿ."

ಶ್ರೀಶೈಲ ಆಗ ಊರಲ್ಲಿರಲಿಲ್ಲ, ಹುಡುಗರನ್ನು ಕರೆದುಕೊಂಡು ಹೊರಗೆ ಓಟಕ್ಕೆ ಹೋಗಿದ್ದ. ಮಹಾಲಿಂಗ ಕುಂಟುತ್ತ ನನ್ನ ಅಂಗಡಿಗೆ ಬಂದ. "ಅಣ್ಣಾ, ನನ್ನ ತಿಥಿ ಛಲೋ ಮಾಡೀರಂತಲ್ಲ, ಕ್ಯಾಸೆಟ್ ಕೊಡ್ರಿ, ನೋಡೂಣು. ಸಿರಸ್ಯಾ ಅತ್ತಾನಂತ, ಅದನ್ನ ನೋಡಿ ಅವಂಗ ಚ್ಯಾಷ್ಟಿ ಮಾಡಬೇಕು" ಎಂದು ನಗುತ್ತಿದ್ದ. ಸತ್ತವನು ಎದುರಿಗೆ ನಿಂತು ನಗುವಾಗ ಲಕ್ಷ್ಯ ನೆಟ್ಟಗಿರುತ್ತದೆಯೇ? ಕತ್ತರಿಸಿದ ಕ್ಯಾಸೆಟ್ ಮುಖಂಡರ ಮನೆಯಲ್ಲಿತ್ತು. ನಾನು ಖುಷಿಯಲ್ಲಿ, ಕತ್ತರಿಸದ ಮೂಲ ಕ್ಯಾಸೆಟ್ಟನ್ನೇ ಅವನ ಕೈಗೆ ಕೊಟ್ಟೆ.

ಮರುದಿನ ತಂದು ಮೇಜಿನ ಮೇಲಿಟ್ಟ. "ಛಲೋ ತಗದೀರಿ" ಎಂದ. ಅಷ್ಟೇ. ಅವನ ಮುಖ ನೋಡಿದಾಗ ನನಗೆ ಏನು ಕೊಟ್ಟೆನೆಂಬುದು ಹೊಳೆಯಿತು. ಹೊಟ್ಟೆ ಹಿಡಿದು ನಗುವ ಗೆಳೆಯ, ಆಮೇಲೆ ಮುಲಾಮು, ಆಮೇಲೆ ಅಳು. ಅವನನ್ನು ಕರೆದು, "ಇದು ಉಲ್ಟಾ ಆಗೇತಪಾ" ಎಂದು ಹೇಳಬೇಕಿತ್ತು. ಎರಡು ನಿಮಿಷದ ಮಾತು. ಅಂಗಡಿಯಲ್ಲಿ ಮದುವೆಯ ಶೂಟಿಂಗು ಹೇಳಲು ಬಂದ ಬೀಳಗಿಯ ಬೀಗರು ಕುಳಿತಿದ್ದರು. ಚನಬಸಪ್ಪ ಉಲ್ಟಾ ತೆಗೆಯುತ್ತಾನೆಂದು ಸುದ್ದಿಯಾದರೆ ನನಗೆ ಯಾರು ಮದುವೆ ಕೊಡುತ್ತಾರೆ? ಈ ಸೀಜನ್ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಸುದ್ದಿ ಕೇಳಿ ಶ್ರೀಶೈಲ ಓಡೋಡಿ ಬಂದ. ಮಹಾಲಿಂಗ ಬಾಗಿಲು ತೆಗೆಯಲಿಲ್ಲ. ಮೂರು ಸಲ ಬಂದ, ಮೂರು ಸಲವೂ ಗೌರವ್ವ ಹೊರಗೆ ಬಂದು, "ಅಂವ ಮಕ್ಕೊಂಡಾನಪಾ" ಎಂದು ಕಣ್ಣು ತಪ್ಪಿಸಿದಳು. ಮಹಾಲಿಂಗ ಸೈನ್ಯಕ್ಕೆ ಮರಳಿ, ಸೇವೆ ಮುಗಿಸಿ, ಸಮೀರವಾಡಿಯ ಕಡೆ ಕಾವಲು ಕೆಲಸಕ್ಕೆ ಸೇರಿದ. ಮತ್ತೆ ಸೈಕಲ್ ಹತ್ತಲಿಲ್ಲ. ಶ್ರೀಶೈಲ ಜಮಖಂಡಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟು, ಬೆಳಗ್ಗೆ ಮಕ್ಕಳಿಗೆ ಓಟ ಕಲಿಸುತ್ತಿದ್ದ. ಜನ, ಯುದ್ಧಕ್ಕೆ ಹೋಗಿ ಬಂದವರ ಸ್ವಭಾವ ಹಂಗಾಗತೈತಿ ಎಂದು ತೀರ್ಮಾನಿಸಿದರು. ನನಗೂ ಅದು ಅನುಕೂಲವಾಗಿತ್ತು. ಎಷ್ಟು ಸೀಜನ್ ಮುಗಿದವೋ ನನಗೆ ನೆನಪಿಲ್ಲ.

ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿದ ಮೇಲೆ ಬೆಂಗಳೂರಿನಿಂದ ನೇಹಾ ಎಂಬ ನಿರ್ದೇಶಕಿ ತಮ್ಮ ತಂಡದೊಂದಿಗೆ ಬಂದರು. ಯುದ್ಧ ಮುರಿದ ಇಬ್ಬರು ಕ್ರೀಡಾಪಟುಗಳ ಗೆಳೆತನ ಎಂದು ಸಾಕ್ಷ್ಯಚಿತ್ರ ಮಾಡುತ್ತಾರಂತೆ. ಊರು ಗೊತ್ತಿರುವ ಒಬ್ಬರು ಬೇಕೆಂದು ನನ್ನನ್ನು ಹಿಡಿದರು. ನಾನು ಒಪ್ಪಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಬೇರೆ ಯಾರಾದರೂ ಜೊತೆಗೆ ಹೋದರೆ ಏನು ಹೊರಬೀಳುತ್ತದೋ ಎಂಬ ಅಂಜಿಕೆಯಿಂದ ಒಪ್ಪಿದೆ.

ನಾವು ಮದುವೆಯವರು ಮಂದಿಯನ್ನು ಕ್ಯಾಮೆರಾ ಕಡೆ ನೋಡಿಸುತ್ತೇವೆ. ಸಾಕ್ಷ್ಯಚಿತ್ರದವರು ನೋಡಬೇಡಿ ಎನ್ನುತ್ತಾರೆ. ಮಿಕ್ಕಿದ್ದರಲ್ಲಿ ನಮಗೂ ಅವರಿಗೂ ನನಗೇನೂ ಫರಕು ಕಾಣಲಿಲ್ಲ. ಮಹಾಲಿಂಗನನ್ನು ಹಿಪ್ಪರಗಿ ಬ್ಯಾರೇಜಿಗೆ ಕರೆದೊಯ್ದು, ಏಳು ಸಲ ನಡೆಸಿದರು. "ಸರ್, ಸುಮ್ಮನೆ ನೀರನ್ನ ನೋಡ್ತಾ ನಿಂತ್ಕೊಳ್ಳಿ. ಕಳೆದುಹೋದದ್ದನ್ನ ನೆನೆಸಿಕೊಳ್ಳಿ" ಎಂದರು ನೇಹಾ ಮೇಡಂ. ಮಹಾಲಿಂಗ ನೀರು ನೋಡಿದ. ಆಮೇಲೆ ನನ್ನ ಕಿವಿಯಲ್ಲಿ, "ಅಣ್ಣಾ, ಏನ ಕಳಕೊಂಡಾರಿವ್ರು? ಹುಡುಕಿ ಕೊಡೂಣೇನು?" ಎಂದ. "ಯುದ್ಧ ನಿಮ್ಮ ಬದುಕಿಂದ ಏನು ಕಿತ್ಕೊಂಡ್ತು?" ಎಂದು ಕೇಳಿದರು. "ಎರಡ ಬಟ್ಟರಿ" ಎಂದು ಎರಡು ಬೆರಳು ಹೋದ ಪಾದ ತೋರಿಸಿದ. ಮೇಡಂ ಬೇಜಾರಾದರು. ಅವರಿಗೆ ಇನ್ನೂ ದೊಡ್ಡದೇನೋ ಬೇಕಿತ್ತು.

ಶ್ರೀಶೈಲನ ಅಂಗಡಿಗೆ ಹೋದೆವು. ಅವನು ಒಂದು ಚಕ್ರದ ವಂಕಿ ತೆಗೆದು ನೆಟ್ಟಗೆ ಮಾಡುತ್ತಲೇ ಉತ್ತರ ಕೊಟ್ಟ.

"ಮಹಾಲಿಂಗ ಅವರು ಯಾಕೆ ಮಾತು ಬಿಟ್ರು?" ಎಂದರು ಮೇಡಂ.

"ನನಗೂ ಗೊತ್ತಿಲ್ಲರಿ. ಅಂವ ಜೀವಂತ ಇದ್ದಾಗ ನಾ ಅವನ ತಿಥಿ ಮಾಡಿದ್ನಿ. ಅವ್ವ ಬ್ಯಾಡ ಅಂದ್ರೂ ಕೇಳಲಿಲ್ಲ. ಅದ ಇರಬೇಕು. ತಪ್ಪ ನಂದ ಐತಿ."

ಇಪ್ಪತ್ತೈದು ವರ್ಷದಿಂದ ಅವನು ಹಾಗೆಂದುಕೊಂಡೇ ಬದುಕಿದ್ದ. ನಾನು ಪಕ್ಕದಲ್ಲಿ ದೀಪದ ಸ್ಟ್ಯಾಂಡ್ ಹಿಡಿದು ನಿಂತಿದ್ದೆ. ನೆಲ ಬಾಯಿ ತೆರೆದು ನನ್ನನ್ನು ನುಂಗಬಾರದೇ ಎನಿಸಿತು. ಆದರೂ ಬಾಯಿ ಬಿಡಲಿಲ್ಲ.

ಎರಡು ದಿನದ ಮೇಲೆ ಮಹಾಲಿಂಗ ಬಾಯಿ ಬಿಟ್ಟ. ಅವನ ಮನೆಯ ಪಡಸಾಲೆಯಲ್ಲಿ ಕ್ಯಾಮೆರಾ ಇಟ್ಟಿದ್ದರು. ನೇಹಾ ಮೇಡಂ ಮತ್ತೆ ಯುದ್ಧ ಯುದ್ಧ ಎಂದು ಪೀಡಿಸಿದಾಗ ಅವನಿಗೆ ಸಿಟ್ಟು ಬಂತು. "ಯುದ್ಧ ಏನೂ ಮಾಡಿಲ್ಲರಿ ನನಗ. ನಾ ಸತ್ತೆ ಅಂತ ತಿಳದು ಅಂವ ನಕ್ಕಾನ್ರಿ. ನನ್ನ ಫೋಟೋಕ್ಕ ಆತುಕೊಂಡು ನಕ್ಕಾನು. ಆಮ್ಯಾಲೆ ಕಣ್ಣಿಗಿ ಔಷಧ ಹಚ್ಚಿಕೊಂಡು ಅತ್ತಾನು. ಕ್ಯಾಸೆಟ್ಟಿನ್ಯಾಗ ನನ್ನ ಕಣ್ಣಲೆ ನೋಡೇನಿ" ಎಂದ.

ಮೇಡಂ ನನ್ನ ಕಡೆ ತಿರುಗಿದರು. "ಆ ಕ್ಯಾಸೆಟ್ ತೆಗೆದವರು ನೀವೇ ಅಲ್ವಾ? ಎಲ್ಲಿದೆ?"

"ಬೂಷ್ಟು ಹತ್ತಿ ಹೋಗಿರಬೇಕ್ರಿ" ಎಂದೆ. ಅದು ನನ್ನ ಕಪಾಟಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಭದ್ರವಾಗಿತ್ತು.

"ದಯವಿಟ್ಟು ಹುಡುಕಿ ಸರ್. ಅದು ಸಿಕ್ಕರೆ ಅದೇ ನಮ್ಮ ಚಿತ್ರದ ಕೊನೆ. ಸತ್ತ ಗೆಳೆಯನ ಫೋಟೋ ಮುಂದೆ ನಗುವ ಮನುಷ್ಯ. ಇದನ್ನ ಜಗತ್ತು ನೋಡಬೇಕು."

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಅವಳಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ಆ ಮನಷ್ಯಾನ ಮಾನಾ ಜಗತ್ತಿನ ಮುಂದ ಹರಾಜ ಆಗತೈತಿ. ಹೋಗಿ ಹೇಳ್ರಿ. ಅಂಗಡಿ ಮುಚ್ಚೇರಿ, ಇನ್ನ ಯಾವ ಮದವಿ ಸೀಜನ್ ಕಾಯಾಕತ್ತೀರಿ?" ಎಂದಳು.

ಕ್ಯಾಸೆಟ್ ತೆಗೆದುಕೊಂಡು ಮಹಾಲಿಂಗನ ಮನೆಗೆ ಹೋದೆ. ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ನಿಂತುಕೊಂಡೇ ಹೇಳಿದೆ, ಗುಂಡಿಯ ವಿಷಯ, ದೀಪ ಹೋದ ವಿಷಯ, ಮುಖಂಡರು ಗಟಾರಕ್ಕೆ ಬಿದ್ದದ್ದು, ಮುಲಾಮು ಹಚ್ಚಿದ ಕೈ ನನ್ನದು ಎಂಬುದು. ಹೊಡೆಯಲಿ ಎಂದು ಮೈ ಬಿಗಿ ಹಿಡಿದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ನನ್ನ ಕೈಯಲ್ಲಿದ್ದ ಕ್ಯಾಸೆಟ್ ನೋಡುತ್ತ, "ಹಂಗಾದ್ರ ಅಂವ ಖರೇನ ಅತ್ತಿದ್ದನೇನು?" ಎಂದ.

"ಅತ್ತಿದ್ದಾ. ರಸ್ತೆ ಮ್ಯಾಲೆ ಬಿದ್ದು, ಡಾಂಬರಿಗಿ ತಲಿ ಬಡಕೊಂಡು ಅತ್ತಿದ್ದಾ. ನಾ ಮುಂದ ಹೋಗಬೇಕಿತ್ತು, ನೀ ಯಾಕ ಹ್ವಾದಿ ಅಂದಿದ್ದಾ."

"ಎಷ್ಟೊತ್ತು ಅತ್ತಾ?"

"ಕ್ಯಾಮೆರಾ ಬಂದ್ ಇದ್ದಷ್ಟೂ ಹೊತ್ತು."

ಮಹಾಲಿಂಗ ಎದ್ದು ಬೈಕ್ ಚಾಲೂ ಮಾಡಿದ. ನನಗೆ ಹತ್ತು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕ್ಯಾಸೆಟ್ ಹಿಡಿದುಕೊಂಡು ಹಿಂದೆ ಕುಳಿತೆ. ಬೈಕ್ ಜಮಖಂಡಿಯ ದಾರಿ ಹಿಡಿಯಿತು.

ಶ್ರೀಶೈಲ ಅಂಗಡಿಯ ಮುಂದೆ ಟೈರಿಗೆ ಗಾಳಿ ಹಾಕುತ್ತಿದ್ದ. ಮಹಾಲಿಂಗನನ್ನು ನೋಡಿ ಪಂಪು ಕೈಬಿಟ್ಟ. ನಾನು ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ಮಹಾಲಿಂಗ, "ಸಿರಸ್ಯಾ, ನನ್ನ ತಪ್ಪಾತಲೇ" ಎಂದು ಕೈ ಚಾಚಿದ. ಈಗ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ, ನನ್ನ ಪಾಪ ಅರ್ಧವಾದರೂ ತೊಳೆಯುತ್ತದೆ ಎಂದು ನಾನು ಕಾದೆ. ಜನ್ಮವಿಡೀ ಮಂದಿಯನ್ನು ಅಳಿಸಿದವನ ಬುದ್ಧಿ ಬೇರೆ ಏನು ಯೋಚಿಸೀತು?

ಶ್ರೀಶೈಲ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಮಹಾಲಿಂಗನಿಗೆ ಹೇಳಿದ: "ಇವ್ರು ಮದವಿ ಶೂಟಿಂಗ್ ಮಾಡೋರು, ಇವರದೇನು ಹೇಳೂದೈತಿ. ನೀ ಹ್ಯಾಂಗ ನಂಬಿದೀ ಅದನ್ನ? ಟ್ರಾಕ್ಟರ್ ಹಿಂದ ನಿನ್ನ ಗಾಲಿಗಿ ನನ್ನ ಗಾಲಿ ಒಂದ ಗೇಣು ಇರತಿತ್ತು. ನೀ ಒಂದ ಸರತಿ ತಪ್ಪಿದ್ರ ನನ್ನ ಜೀವ ಹೋಗತಿತ್ತು. ನಾ ನಿನ್ನ ಕೇಳೇನೇನು? ಒಂದ ಕ್ಯಾಸೆಟ್ ನೋಡಿದಿ, ಬಾಗಲಾ ಹಾಕಿದಿ. 'ಯಾಕ ನಕ್ಕಿ' ಅಂತ ಕೇಳಿ ನನ್ನ ಕಪಾಳಕ್ಕ ಹೊಡಿಬೇಕಿತ್ತಲ್ಲಲೇ! ನೀ ಅವಾಗ ಖರೇನ ಸತ್ತಿದ್ರ ಛಲೋ ಇತ್ತು. ಸತ್ತ ಗೆಳ್ಯಾ ನನ್ನ ಮ್ಯಾಲೆ ಸಂಶೆ ಪಡತಿದ್ದಿಲ್ಲ."

ಮತ್ತೆ ಪಂಪು ಎತ್ತಿಕೊಂಡು ಗಾಳಿ ಹಾಕತೊಡಗಿದ. ಮಹಾಲಿಂಗ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕುಳಿತ. ನಾನು ಬಸ್ ಹಿಡಿದು ಮನೆಗೆ ಬಂದೆ.

ನೇಹಾ ಮೇಡಂಗೆ ಎಲ್ಲ ಹೇಳಿದಾಗ ಅವರು ತಲೆಗೆ ಕೈ ಹಚ್ಚಿಕೊಂಡರು. ಚಿತ್ರಕ್ಕೆಂದು ಹಿಡಿದ ವಿಷಯವೇ ಕೈಬಿಟ್ಟು ಹೋಗಿತ್ತಲ್ಲ. "ಹಾಗಾದ್ರೆ ಯುದ್ಧ ಏನೂ ಮಾಡಲೇ ಇಲ್ವಾ ಸರ್?" ಎಂದರು, ಅಳು ಬಂದವರ ಹಾಗೆ. ಆದರೆ ಶ್ರೀಶೈಲ ನಕ್ಕನೆಂದು ಮಹಾಲಿಂಗ ಆಡಿದ ಆ ಮಾತನ್ನು ಅವರು ತಾವಾಗಿಯೇ ಕಿತ್ತುಹಾಕಿದರು, ಕ್ಯಾಸೆಟ್ಟನ್ನೂ ಮತ್ತೆ ಕೇಳಲಿಲ್ಲ. ಚಿತ್ರದ ಕೊನೆಯೇ ಹೋಗುತ್ತದೆಂದು ಗೊತ್ತಿದ್ದೂ ಹಾಗೆ ಮಾಡಿದರು. ನನ್ನಿಂದ ಇಪ್ಪತ್ತೈದು ವರ್ಷ ಆಗದ ಕೆಲಸ ಅದು, ಅವರಿಗೆ ನಾನು ಕೈಮುಗಿಯುತ್ತೇನೆ. ಚಿತ್ರವೇನೋ ಬಂತು. ಬ್ಯಾರೇಜಿನ ನೀರು ಇದೆ, ಕಬ್ಬಿನ ಮೇಲೆ ಹಾರುವ ಡ್ರೋನ್ ಇದೆ, ಪಿಟೀಲು ಇದೆ, ಯುದ್ಧ ಇಬ್ಬರನ್ನು ದೂರ ಮಾಡಿತು ಎಂದು ಒಂದು ಗಂಭೀರ ದನಿ ಹೇಳುತ್ತದೆ. ಹೊರದೇಶದಲ್ಲಿ ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ನಮ್ಮೂರಲ್ಲಿ ತೋರಿಸಿದಾಗ, "ಅಲ್ಲಿ ನಿಂತದ್ದು ನಮ್ಮ ಟ್ರಾಕ್ಟರ್ ಐತಿ ನೋಡ್ರಿ" ಎಂದು ಒಬ್ಬ ಕೂಗಿದ.

ಹೊಸದಾಗಿ ಕ್ಯಾಮೆರಾ ಹಿಡಿಯುವ ತಮ್ಮಂದಿರೇ, ನಿಮ್ಮ ಕ್ಯಾಮೆರಾಗಳಲ್ಲಿ ದೀಪ ಉರಿಯುತ್ತದೆ, ಉಲ್ಟಾ ಆಗುವುದಿಲ್ಲ ಎಂದು ಬಲ್ಲೆ. ಆದರೂ ತಪ್ಪು ಮಾಡುತ್ತೀರಿ. ಮಾಡಿದ ದಿನವೇ ಹೇಳಿಬಿಡಿ. ನನ್ನಿಂದ ಕಲಿಯುವುದಿದ್ದರೆ ಇಷ್ಟೇ ಕಲಿಯಿರಿ, ಬೇರೆ ಯಾವುದನ್ನೂ ಕಲಿಯಬೇಡಿ.

ಅವತ್ತಿನಿಂದ ಪ್ರತಿ ರವಿವಾರ ಮಹಾಲಿಂಗ ಜಮಖಂಡಿಗೆ ಹೋಗಿ ಆ ಬೆಂಚಿನ ಮೇಲೆ ಕೂಡುತ್ತಾನೆ. ಶ್ರೀಶೈಲ ಚಹಾ ತರಿಸುವುದಿಲ್ಲ, ಬಾ ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ. ಅಂಗಡಿ ಮುಚ್ಚುವವರೆಗೆ ಕುಳಿತು ಇವನು ಎದ್ದು ಬರುತ್ತಾನೆ. ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಹೋದ ರವಿವಾರ ಸಂಜೆ ಮಹಾಲಿಂಗ ನನಗೆ ಫೋನು ಮಾಡಿದ. ಆ ವಿಷಯ ಆದ ಮೇಲೆ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು.

"ಅಣ್ಣಾ, ಇವತ್ತ ಮಾತಾಡಿದಾ!"

"ಏನಂದಾ?"

"ಬೆಂಚಿನ ಮ್ಯಾಲೆ ನಟ್ಟು ಬಿಚ್ಚೋ ಪಾನಾ ಇಟ್ಟಿದ್ದಾ, ನಾ ನೋಡದಽ ಅದರ ಮ್ಯಾಲೆ ಕುಂತಿದ್ನಿ. 'ಸರಿ ಅತ್ತಾಗ' ಅಂದಾ."

"ನೀ ಏನ ಮಾಡಿದಿ?"

"ಸರದ್ನಿ" ಎಂದ ಮಹಾಲಿಂಗ. ಅಳುತ್ತಿದ್ದ.